ಕಡಲ ದಂಡೆಯ ಮದುವೆ ಮತ್ತು ನಾಲ್ಕನೆಯ ಋಣ

ಹೆಣ್ಣಿನ ಊರೂ ಅಲ್ಲದ, ಗಂಡಿನ ಊರೂ ಅಲ್ಲದ, ಮನೆದೇವರ ಸನ್ನಿಧಿಯೂ ಅಲ್ಲದ ಒಂದು ಸ್ಥಳವನ್ನು ಅದರ ಚೆಲುವಿಗಾಗಿಯೇ ಆರಿಸಿಕೊಂಡು, ಎರಡೂ ಕಡೆಯ ಆಯ್ದ ಬಂಧುಮಿತ್ರರನ್ನು ಅಲ್ಲಿಗೆ ಕರೆಸಿ ನಡೆಸುವ ಮದುವೆಗೆ ಕನ್ನಡದಲ್ಲಿಯೂ ಈಗ ಡೆಸ್ಟಿನೇಷನ್ ವೆಡ್ಡಿಂಗ್ ಎಂಬ ಹೆಸರೇ ನಿಂತಿದೆ. ಗೋವೆಯ ಮತ್ತು ಕರಾವಳಿ ಕರ್ನಾಟಕದ ಕಡಲ ದಂಡೆಯ ರೆಸಾರ್ಟ್‌ಗಳು ಇಂಥ ಮದುವೆಗಳಿಗೆ ಕೋಣೆ, ಊಟ, ಪಾನೀಯ, ಮಂಟಪ, ಹೂವು, ದೀಪ, ವಾದ್ಯ, ಬೇಕೆಂದರೆ ಪುರೋಹಿತರನ್ನೂ ಒಂದೇ ಮೊತ್ತದೊಳಗೆ ಸೇರಿಸಿ ಕೊಡುತ್ತವೆ. ಹೀಗೆ ಒಟ್ಟಾಗಿ ಕೊಡುವುದಕ್ಕೆ ಪ್ಯಾಕೇಜ್ ಎನ್ನುತ್ತಾರೆ. ಇದರ ಖರ್ಚುವೆಚ್ಚದ ಚರ್ಚೆ ಬೇಕಾದಷ್ಟು ನಡೆದಿದೆ. 2023ರ ನವೆಂಬರ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ತಮ್ಮ ಬಾನುಲಿ ಭಾಷಣದಲ್ಲಿ ವಿದೇಶಕ್ಕೆ ಹೋಗಿ ಮದುವೆ ಮಾಡುವ ಕುಟುಂಬಗಳ ಮಾತೆತ್ತಿ, ಆ ಮದುವೆಗಳನ್ನು ದೇಶದೊಳಗೇ ಮಾಡಬಾರದೇಕೆ ಎಂದು ಕೇಳಿದ ಮೇಲೆ ಅದು ಅರ್ಥಶಾಸ್ತ್ರದ ವಿಷಯವೂ ಆಯಿತು. ಆದರೆ ಮದುವೆಯನ್ನು ಸಂಸ್ಕಾರವೆಂದು ಕರೆಯುವ, ಎಂದರೆ ಮನುಷ್ಯನನ್ನು ತಿದ್ದಿ ಹೊಸ ಹೊಣೆಗೆ ಅರ್ಹನನ್ನಾಗಿಸುವ ಕ್ರಿಯೆಯೆಂದು ತಿಳಿಯುವ ಪರಂಪರೆಯಲ್ಲಿ, ಆ ಕ್ರಿಯೆಯ ಅಷ್ಟೂ ಕೆಲಸವನ್ನು ಹಣ ತೆತ್ತು ಅಪರಿಚಿತರಿಂದ ಮಾಡಿಸಿದಾಗ ಸಂಸ್ಕಾರಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಯಾರೂ ಅಷ್ಟಾಗಿ ಕೇಳಿದಂತಿಲ್ಲ.

ಈ ಪ್ರಶ್ನೆಯನ್ನು ಚಿಗಟೇರಿಯಲ್ಲಿ ನಿಂತು ನೋಡುವುದಕ್ಕೆ ಒಂದು ಕಾರಣವಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಬಯಲುಸೀಮೆಯಲ್ಲಿ ಶಿವನಿಗೆ ಬಾಗಳಿ, ಕುರುವತ್ತಿಗಳಂಥ ಚಾಲುಕ್ಯ ಕಾಲದ ಗುಡಿಗಳಿವೆ, ಉಚ್ಚಂಗೆಮ್ಮನಿಗೆ ದುರ್ಗವಿದೆ, ಮೈಲಾರಲಿಂಗನಿಗೆ ಮೈಲಾರವಿದೆ. ಹರಪನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಚಿಗಟೇರಿಯಲ್ಲಿ ಮಾತ್ರ ಪೂಜೆಗೊಳ್ಳುವವನು ನಾರದಮುನಿ. ನಾರದನನ್ನೇ ಊರದೇವರಾಗಿ ಇಟ್ಟುಕೊಂಡ ಊರು ನಾಡಿನಲ್ಲೇ ಅಪರೂಪ. ಪುರಾಣಗಳಲ್ಲಿ ಮದುವೆಯ ಸುದ್ದಿ ಎಲ್ಲಿದೆಯೋ ಅಲ್ಲಿ ಬಹುಮಟ್ಟಿಗೆ ನಾರದನಿದ್ದಾನೆ: ಪಾರ್ವತಿಗೆ ಶಿವನೇ ವರನೆಂದು ಹಿಮವಂತನಿಗೆ ತಿಳಿಸಿದವನು ಅವನು, ಸತ್ಯವಾನನಿಗೆ ಇನ್ನೊಂದೇ ವರ್ಷ ಆಯುಸ್ಸು ಎಂದು ಅಶ್ವಪತಿಯ ಮುಂದೆ ಸಾವಿತ್ರಿಯನ್ನು ಎಚ್ಚರಿಸಿದವನೂ ಅವನೇ. ಅವನಿಗೆ ಮಾತ್ರ ಮದುವೆಯಿಲ್ಲ, ಮನೆಯಿಲ್ಲ. ಸಂತಾನ ಬೆಳೆಸಲೆಂದು ಹೊರಟ ತನ್ನ ಮಕ್ಕಳನ್ನು ವೈರಾಗ್ಯದ ದಾರಿಗೆ ತಿರುಗಿಸಿದನೆಂದು ಸಿಟ್ಟಾದ ದಕ್ಷನು, ಯಾವ ಲೋಕದಲ್ಲಿಯೂ ನಿನಗೆ ನೆಲೆ ಇಲ್ಲದಿರಲಿ ಎಂದು ಅವನನ್ನು ಶಪಿಸಿದ ಕಥೆ ಭಾಗವತದಲ್ಲಿದೆ. ಎಲ್ಲಿಯೂ ನಿಲ್ಲಲಾರದವನಿಗೆ ನಿಲ್ಲಲು ಒಂದು ಗುಡಿ ಕೊಟ್ಟ ಊರಿನಿಂದ, ಮದುವೆಗೂ ನೆಲಕ್ಕೂ ಇರುವ ಸಂಬಂಧವನ್ನು ವಿಚಾರಿಸುವುದು ಅನುಚಿತವಲ್ಲ.

ಮೊದಲು ನೆಲದ ಮಾತು. ಯಾವುದೇ ವೈದಿಕ ಕರ್ಮ ಸಂಕಲ್ಪದಿಂದ ತೊಡಗುತ್ತದೆ. ಸಂಕಲ್ಪವೆಂದರೆ ಇಂಥವನು, ಇಂಥ ಸ್ಥಳದಲ್ಲಿ, ಇಂಥ ಹೊತ್ತಿನಲ್ಲಿ, ಇಂಥ ಕೆಲಸವನ್ನು ಮಾಡುತ್ತಿದ್ದಾನೆ ಎಂದು ದೇವತೆಗಳ ಮುಂದೆ ಇಡುವ ಅರಿಕೆ. ಅದರಲ್ಲಿ ಜಂಬೂದ್ವೀಪದಿಂದ ಹಿಡಿದು ಭರತವರ್ಷಕ್ಕೂ ಅಲ್ಲಿಂದ ಗೋದಾವರಿಯ ದಕ್ಷಿಣ ತೀರಕ್ಕೂ ಇಳಿಯುತ್ತ ಬರುವ ಭೂಗೋಳದ ಹೇಳಿಕೆಯಿದೆ. ಹರಪನಹಳ್ಳಿ ಕಡೆಯ ಪುರೋಹಿತರು ಘಟ್ಟವಿಳಿದು ಕಡಲ ದಂಡೆಗೆ ಹೋದರೆ ಪರಶುರಾಮ ಕ್ಷೇತ್ರವೆಂಬ ಹೆಸರನ್ನು ಸೇರಿಸಿಕೊಳ್ಳಬೇಕಾಗುತ್ತದೆ, ಏಕೆಂದರೆ ಆ ನೆಲ ಪರಶುರಾಮನು ಕೊಡಲಿಯೆಸೆದು ಸಮುದ್ರದಿಂದ ಪಡೆದದ್ದೆಂಬ ನಂಬಿಕೆಯಿದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮದುವೆಗಳಲ್ಲಿ ಜಂಬೂದ್ವೀಪದ ಜಾಗದಲ್ಲಿ ಕ್ರೌಂಚದ್ವೀಪ ಕೇಳಿಬರುತ್ತದೆ. ಶಾಸ್ತ್ರವು ಸ್ಥಳವನ್ನು ಕಡೆಗಣಿಸುವುದಿಲ್ಲ, ಆದರೆ ಯಾವ ಸ್ಥಳವನ್ನೂ ಹೊರಗಿಡುವುದೂ ಇಲ್ಲ. ಎಲ್ಲಿದ್ದೀರೋ ಅದರ ಹೆಸರು ಹೇಳಿ ಎಂಬುದಷ್ಟೇ ಅದರ ಕೋರಿಕೆ. ವಿವಾಹ ಎಂಬ ಶಬ್ದದಲ್ಲಿರುವ ವಹ್ ಧಾತುವಿಗೆ ಹೊರು, ಒಯ್ಯು ಎಂಬ ಅರ್ಥಗಳಿರುವುದನ್ನು ನೆನೆದರೆ, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವುದೇ ಮದುವೆಯ ಮೂಲಾರ್ಥವಾಗಿತ್ತೆಂದು ತಿಳಿಯುತ್ತದೆ.

ಹೊತ್ತಿನ ವಿಷಯದಲ್ಲಂತೂ ಕಡಲಿಗೂ ಪಂಚಾಂಗಕ್ಕೂ ಹಳೆಯ ನಂಟು. ಸೂರ್ಯನಿಂದ ಚಂದ್ರನು 12 ಡಿಗ್ರಿ ಮುಂದೆ ಸರಿದಾಗ ಒಂದು ತಿಥಿ ಮುಗಿಯುತ್ತದೆ. ಅದೇ ಸೂರ್ಯಚಂದ್ರರ ಸೆಳೆತದಿಂದ ಸಮುದ್ರ ಉಬ್ಬಿಳಿಯುತ್ತದೆ, ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಆ ಉಬ್ಬರ ಹೆಚ್ಚುತ್ತದೆ. ಮರಳಿನ ಮೇಲೆ ಮಂಟಪ ಕಟ್ಟಿಸುವವರು ಉಬ್ಬರದ ವೇಳಾಪಟ್ಟಿಯನ್ನೂ ಪುರೋಹಿತರು ಪಂಚಾಂಗವನ್ನೂ ತೆರೆದುಕೊಂಡು ಕೂತಾಗ, ಗೊತ್ತೋ ಗೊತ್ತಿಲ್ಲದೆಯೋ ಇಬ್ಬರೂ ಓದುತ್ತಿರುವುದು ಒಂದೇ ಚಂದ್ರನನ್ನು. ಮದುವೆಗೆ ಒಲ್ಲದ ಆಷಾಢ ಮಾಸವೂ ಅರಬ್ಬಿ ಸಮುದ್ರದ ಮಳೆಗಾಲವೂ ಒಂದೇ ಹೊತ್ತಿಗೆ ಬರುವುದರಿಂದ ರೆಸಾರ್ಟ್‌ನವರಿಗೂ ಆಷಾಢ ಬೇಡದ ತಿಂಗಳೇ.

ಶಾಸ್ತ್ರವು ಯಾವ ಸ್ಥಳವನ್ನೂ ಹೊರಗಿಡುವುದಿಲ್ಲ ಎಂಬುದು ಧರ್ಮಶಾಸ್ತ್ರಗಳು ಹೇಳುವ ಎಂಟು ಬಗೆಯ ವಿವಾಹಗಳನ್ನು ನೋಡಿದರೆ ಇನ್ನಷ್ಟು ಖಚಿತವಾಗುತ್ತದೆ. ಬ್ರಾಹ್ಮ, ದೈವ, ಆರ್ಷ, ಪ್ರಾಜಾಪತ್ಯ, ಆಸುರ, ಗಾಂಧರ್ವ, ರಾಕ್ಷಸ, ಪೈಶಾಚ ಎಂಬ ಈ ವಿಂಗಡಣೆಯಲ್ಲಿ ಮದುವೆ ಎಲ್ಲಿ ನಡೆಯಿತು ಎಂಬುದು ಲೆಕ್ಕಕ್ಕೇ ಬಂದಿಲ್ಲ. ಯಾರು ಯಾರಿಗೆ ಏನು ಕೊಟ್ಟರು, ಯಾರ ಒಪ್ಪಿಗೆ ಇತ್ತು, ಯಾರದು ಇರಲಿಲ್ಲ ಎಂಬುದರ ಮೇಲೆಯೇ ಬಗೆಗಳು ಬೇರೆಯಾಗಿವೆ. ಕನ್ಯೆಯ ಕಡೆಯವರು ವರನಿಂದ ಜೋಡಿ ದನ ಪಡೆದರೆ ಆರ್ಷ, ಕೈಗೆಟಕಿದಷ್ಟು ಹಣ ಪಡೆದರೆ ಆಸುರ. 1955ರ ಹಿಂದೂ ವಿವಾಹ ಕಾಯಿದೆಯೂ ಸ್ಥಳದ ಗೊಡವೆಗೆ ಹೋಗಿಲ್ಲ. ಎರಡರಲ್ಲಿ ಯಾವುದಾದರೂ ಪಕ್ಷದ ರೂಢಿಯ ಶಾಸ್ತ್ರಗಳಂತೆ ಮದುವೆ ನಡೆಯಬೇಕು, ಆ ರೂಢಿಯಲ್ಲಿ ಸಪ್ತಪದಿ ಇದ್ದರೆ ಏಳನೆಯ ಹೆಜ್ಜೆಗೆ ಮದುವೆ ಪೂರ್ಣವಾಗುತ್ತದೆ ಎಂದು ಅದರ 7ನೆಯ ಕಲಮು ಹೇಳುತ್ತದೆ. ಸಪ್ತಪದಿಯೆಂದರೆ ವಧೂವರರು ಒಟ್ಟಾಗಿ ಇಡುವ ಏಳು ಹೆಜ್ಜೆ. ಮೊದಲನೆಯದು ಅನ್ನಕ್ಕಾಗಿ, ಕೊನೆಯದು ಸಖ್ಯಕ್ಕಾಗಿ. ಅದಿಲ್ಲದ ರೂಢಿಗಳೂ ಅಷ್ಟೇ ಸಿಂಧು. ಈ ಸೀಮೆಯ ವೀರಶೈವ ಮದುವೆಗಳಲ್ಲಿ ಪಂಚಾಚಾರ್ಯರ ಹೆಸರಿನಲ್ಲಿ ಐದು ಕಳಶಗಳನ್ನು ಹೂಡುತ್ತಾರೆ. ಆ ಐವರಲ್ಲಿ ಮರುಳಾರಾಧ್ಯರ ಪೀಠ ಕೊಟ್ಟೂರು ಸೀಮೆಯ ಉಜ್ಜಿನಿಯಲ್ಲಿಯೇ ಇರುವುದರಿಂದ ಇಲ್ಲಿಯವರಿಗೆ ಆ ಕಳಶ ದೂರದ ಸಂಕೇತವಲ್ಲ, ನೆರೆಯೂರಿನ ಗುರುವಿನ ಹಾಜರಿ. ಯಾವ ಶಾಸ್ತ್ರವನ್ನೂ ಮಾಡದೆ ಬರಿಯ ನೋಂದಣಿ ಪತ್ರ ಪಡೆದಿದ್ದ ಜೋಡಿಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2024ರ ಏಪ್ರಿಲ್‌ನಲ್ಲಿ ಅದು ಮದುವೆಯೇ ಅಲ್ಲವೆಂದಿತು. ಕನ್ನಡದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಆ ಪೀಠ, ಹಿಂದೂ ವಿವಾಹವು ಸಂಸ್ಕಾರವೇ ಹೊರತು ಹಾಡು ಕುಣಿತಗಳ, ಉಂಡು ಕುಡಿಯುವ ಸಂದರ್ಭವಲ್ಲವೆಂದು ಬುದ್ಧಿ ಹೇಳಿತು. ಆ ತೀರ್ಪನ್ನು ಓದಿ ರೆಸಾರ್ಟ್ ಮದುವೆಗಳಿಗೆ ಛೀಮಾರಿಯಾಯಿತೆಂದು ಹಿಗ್ಗಿದವರು, ಶಾಸ್ತ್ರೋಕ್ತವಾಗಿ ನಡೆದ ರೆಸಾರ್ಟ್ ಮದುವೆಗೆ ಅದರಿಂದ ಕೂದಲೂ ಕೊಂಕದು ಎಂಬುದನ್ನು ಗಮನಿಸಲಿಲ್ಲ.

ಊರು ಬಿಟ್ಟು ಹೋಗಿ ಮದುವೆ ಮಾಡುವುದು ಬಯಲುಸೀಮೆಗೆ ಹೊಸತೂ ಅಲ್ಲ. ಹರಕೆ ಹೊತ್ತವರು ಉಚ್ಚಂಗಿದುರ್ಗದಲ್ಲಿ, ಹಂಪಿಯಲ್ಲಿ, ಧರ್ಮಸ್ಥಳದಲ್ಲಿ, ತಿರುಪತಿಯಲ್ಲಿ ತಾಳಿ ಕಟ್ಟಿಸಿದ್ದಾರೆ. ಹಂಪಿಯ ವಿರೂಪಾಕ್ಷನಿಗೂ ಪಂಪಾಂಬಿಕೆಗೂ ವರ್ಷವರ್ಷವೂ ಫಲಪೂಜೆಯೆಂಬ ನಿಶ್ಚಿತಾರ್ಥ ನಡೆದು ಚೈತ್ರದಲ್ಲಿ ಕಲ್ಯಾಣೋತ್ಸವವಾಗುತ್ತದೆ. ಪಂಪೆ ತಪಸ್ಸು ಮಾಡಿದ ಹೊಳೆದಂಡೆಗೆ ಶಿವನೇ ಬಂದನೆಂಬುದು ಅಲ್ಲಿಯ ನಂಬಿಕೆ. ಕ್ಷೇತ್ರದ ಮದುವೆಗೂ ರೆಸಾರ್ಟ್ ಮದುವೆಗೂ ಪ್ರಯಾಣ ಸಮಾನ, ಖರ್ಚೂ ಒಮ್ಮೊಮ್ಮೆ ಸಮಾನ. ಆದರೆ ಕ್ಷೇತ್ರಕ್ಕೆ ಹೋಗುವವರು ಹರಕೆ ತೀರಿಸಲು ಹೋಗುತ್ತಾರೆ. ಅಲ್ಲಿ ಅವರು ಸಾಲಗಾರರು, ದೇವರು ಧಣಿ. ತಿರುಪತಿಯ ಸ್ಥಳಪುರಾಣವಂತೂ ಒಂದು ಹೆಜ್ಜೆ ಮುಂದೆ ಹೋಗಿ ದೇವರನ್ನೇ ಸಾಲಗಾರನನ್ನಾಗಿ ಮಾಡಿದೆ: ಪದ್ಮಾವತಿಯನ್ನು ಮದುವೆಯಾಗಲು ಶ್ರೀನಿವಾಸನು ಕುಬೇರನಿಂದ ಕಡ ತಂದನಂತೆ, ಕಲಿಯುಗ ಮುಗಿಯುವವರೆಗೂ ಬಡ್ಡಿ ಕಟ್ಟುತ್ತಲೇ ಇರುವನಂತೆ, ಹುಂಡಿಗೆ ಬೀಳುವ ಕಾಣಿಕೆಯೆಲ್ಲ ಆ ಬಡ್ಡಿಗೇ ಹೋಗುವುದಂತೆ. ದೇವರ ಮದುವೆಯನ್ನೂ ಸಾಲವಿಲ್ಲದೆ ಊಹಿಸಿಕೊಳ್ಳಲಾರದ ಜನ ಸಾಲ ಎಂಬುದರಲ್ಲಿ ಹಣಕ್ಕಿಂತ ಹೆಚ್ಚಿನದೇನನ್ನೋ ಕಂಡಿರಬೇಕು.

ಕನ್ನಡದಲ್ಲಿ ಸಾಲ ಬೇರೆ, ಋಣ ಬೇರೆ. ಸಾಲಕ್ಕೆ ಮೊತ್ತವಿದೆ, ಗಡುವಿದೆ, ತೀರಿಸಿದ ದಿನ ಪತ್ರ ಹರಿದುಹಾಕಬಹುದು. ಋಣಕ್ಕೆ ಅಂಥ ಕೊನೆಯಿಲ್ಲ; ಅನ್ನದ ಋಣ, ಮಣ್ಣಿನ ಋಣ ಎಂದು ಎಣಿಸಲಾಗದವಕ್ಕೇ ಆ ಪದ ಸಲ್ಲುತ್ತದೆ. ಮಗಳಿಗೆ ಒಳ್ಳೆಯ ಸಂಬಂಧ ಕೂಡಿಬಂದರೆ ಋಣಾನುಬಂಧ ಇತ್ತು ಎನ್ನುತ್ತಾರೆ, ಮುರಿದರೆ ಋಣ ಇಷ್ಟೇ ಇತ್ತು ಎನ್ನುತ್ತಾರೆ. ಈ ಮಾತಿನ ಬೇರು ಬಹಳ ಹಿಂದಿನದು. ಮನುಷ್ಯನು ಹುಟ್ಟುತ್ತಲೇ ಮೂರು ಋಣಗಳನ್ನು ಹೊತ್ತು ಬರುತ್ತಾನೆ, ಋಷಿಗಳ ಋಣವನ್ನು ಬ್ರಹ್ಮಚರ್ಯದಿಂದ, ದೇವತೆಗಳದನ್ನು ಯಜ್ಞದಿಂದ, ಪಿತೃಗಳದನ್ನು ಸಂತಾನದಿಂದ ತೀರಿಸಬೇಕು ಎಂಬ ವಿಚಾರ ತೈತ್ತಿರೀಯ ಸಂಹಿತೆಯಲ್ಲಿ ಬ್ರಾಹ್ಮಣನನ್ನು ಕುರಿತು ಬಂದಿದೆ. ಶತಪಥ ಬ್ರಾಹ್ಮಣವು ಇದಕ್ಕೆ ನಾಲ್ಕನೆಯದೊಂದನ್ನು ಕೂಡಿಸುತ್ತದೆ: ಮನುಷ್ಯರ ಋಣ. ಅದು ತೀರುವುದು ಬಂದವರಿಗೆ ಇರಲು ಜಾಗ ಕೊಡುವುದರಿಂದ, ಉಣ್ಣಲು ಕೊಡುವುದರಿಂದ. ಮದುವೆಯಲ್ಲಿ ಈ ನಾಲ್ಕೂ ಎಳೆಗಳು ಒಂದೆಡೆ ಸೇರುತ್ತವೆ. ಆದರೂ ಪುರೋಹಿತರ ಪುಸ್ತಕದಲ್ಲಿ ಮೊದಲ ಮೂರಕ್ಕೆ ಮಂತ್ರಗಳಿವೆ, ನಾಲ್ಕನೆಯದಕ್ಕೆ ಮಂತ್ರವಿಲ್ಲ. ಅದರ ಕ್ರಿಯೆ ನಡೆಯುವುದು ಒಲೆಯ ಮುಂದೆ, ಪಂಕ್ತಿಯಲ್ಲಿ.

ಚಿಗಟೇರಿಯ ಸುತ್ತಿನ ಹಳ್ಳಿಯ ಮದುವೆಯನ್ನು ಈ ನಾಲ್ಕನೆಯ ಋಣದ ಕಡೆಯಿಂದ ನೋಡಬೇಕು. ಮನೆಯ ಮುಂದೆ ಹಂದರ ಹಾಕುವುದಕ್ಕೆ ಬರುವವರು ಓಣಿಯ ಗಂಡಸರು. ಅಕ್ಕಿ ಹಸನು ಮಾಡಿ ಅರಿಶಿಣ ಹಚ್ಚಿ ಅಕ್ಕಿಕಾಳು, ಎಂದರೆ ಅಕ್ಷತೆ, ಮಾಡಿಡುವವರು ಓಣಿಯ ಹೆಂಗಸರು. ಐರಣಿಯೆಂಬ ಚಿತ್ತಾರದ ಮಡಕೆಗಳನ್ನು ಕುಂಬಾರರ ಮನೆಯಿಂದ ವಾದ್ಯದೊಡನೆ ತರಬೇಕು. ಗಂಗೆಯನ್ನು ಬಾವಿಯಿಂದಲೋ ಕೆರೆಯಿಂದಲೋ ಪೂಜಿಸಿ ತರಬೇಕು. ನಾಲ್ಕು ಮೂಲೆಗೆ ತಂಬಿಗೆಗಳನ್ನಿಟ್ಟು ನೂಲು ಸುತ್ತಿ ನಡುವೆ ವಧೂವರರನ್ನು ಕೂರಿಸಿ ನೀರೆರೆಯಬೇಕು, ಇದನ್ನು ಸುರಗಿ ಎನ್ನುತ್ತಾರೆ. ಮುಗಿದ ಮೇಲೆ ಎರಡೂ ಕಡೆಯವರು ಒಂದೇ ಎಡೆಯ ಸುತ್ತ ಕೂತು ಉಣ್ಣುವ ಭೂಮದ ಊಟವಿದೆ. ಗೋದಿ ಹುಗ್ಗಿಯನ್ನು ಬಡಿಸುವವರು ಬಾಡಿಗೆಯವರಲ್ಲ, ಅಣ್ಣತಮ್ಮಂದಿರ ಮಕ್ಕಳು; ಸೊಂಟಕ್ಕೆ ಟವೆಲು ಬಿಗಿದು ಬೆಳಗಿನಿಂದ ಬಡಿಸಿ ಸಂಜೆಗೆ ಉಳಿದದ್ದನ್ನು ಉಂಡವರು ಆ ಮದುವೆಯನ್ನು ಮುಂದೆ ಹತ್ತು ವರ್ಷ ನೆನೆಯುತ್ತಾರೆ, ಮದುಮಗನ ಬಟ್ಟೆಯ ಬಣ್ಣವನ್ನಲ್ಲ, ಹುಗ್ಗಿ ಎಷ್ಟು ಹೊತ್ತಿಗೆ ತೀರಿಹೋಯಿತು ಎಂಬುದನ್ನು. ಮಂಟಪದ ಪಕ್ಕದಲ್ಲಿ ಅಕ್ಷರ ಚೆನ್ನಾಗಿರುವ ಒಬ್ಬ ಅಳಿಯ ಉದ್ದನೆಯ ಪುಸ್ತಕ ಹಿಡಿದು ಕೂತು, ಹೆಸರು, ಊರು, ಕೊಟ್ಟದ್ದೇನು ಎಂದು ಮೂರು ಅಂಕಣಗಳಲ್ಲಿ ಬರೆಯುತ್ತಾನೆ. ಇದು ಮುಯ್ಯಿಯ ಪುಸ್ತಕ.

ಮುಯ್ಯಿ ಎಂಬ ಪದದ ಮೇಲೆ ತುಸು ನಿಲ್ಲಬೇಕು. ಮದುವೆಯಲ್ಲಿ ಕೊಡುವ ಉಡುಗೊರೆ ಮುಯ್ಯಿ, ಅದಕ್ಕೆ ಪ್ರತಿಯಾಗಿ ಅವರ ಮನೆಯ ಮದುವೆಯಲ್ಲಿ ಹಿಂದಿರುಗಿಸುವುದೂ ಮುಯ್ಯಿ. ಹೊಲದಲ್ಲಿ ಇಂದು ಒಬ್ಬರಿಗೆ ದುಡಿದು ನಾಳೆ ಅವರಿಂದ ದುಡಿಮೆ ಪಡೆಯುವುದು ಮುಯ್ಯಾಳು. ಸೇಡು ತೀರಿಸಿಕೊಳ್ಳುವುದಕ್ಕೂ ಮುಯ್ಯಿ ತೀರಿಸಿಕೊಳ್ಳುವುದು ಎಂದೇ ಹೆಸರು. ಪ್ರೀತಿ, ದುಡಿಮೆ, ಹಗೆ ಮೂರನ್ನೂ ಒಂದೇ ಪದದಿಂದ ಹೇಳುವ ಭಾಷೆ, ಕೊಟ್ಟದ್ದು ಕೊಟ್ಟಲ್ಲಿಯೇ ನಿಲ್ಲುವುದಿಲ್ಲ ಎಂಬ ತಿಳಿವಳಿಕೆಯನ್ನು ಯಾವ ತತ್ತ್ವಶಾಸ್ತ್ರಜ್ಞನ ನೆರವಿಲ್ಲದೆ ಪಡೆದಿದೆ. ಫ್ರಾನ್ಸಿನ ಮಾರ್ಸೆಲ್ ಮೋಸ್ 1925ರಲ್ಲಿ ಉಡುಗೊರೆಯನ್ನು ಕುರಿತು ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಕೊಡುವುದು, ಸ್ವೀಕರಿಸುವುದು, ಹಿಂದಿರುಗಿಸುವುದು ಎಂಬ ಮೂರು ಕಟ್ಟುಪಾಡುಗಳಿಂದ ಸಮಾಜಗಳು ಹೆಣೆದುಕೊಳ್ಳುತ್ತವೆಂದು ದೂರದೂರದ ಜನಾಂಗಗಳ ಉದಾಹರಣೆ ಕೊಟ್ಟು ವಾದಿಸಿದ. ಮುಯ್ಯಿಯ ಪುಸ್ತಕವೊಂದು ಕೈಗೆ ಸಿಕ್ಕಿದ್ದರೆ ಅವನ ಕೆಲಸ ಹಗುರವಾಗುತ್ತಿತ್ತು. ಪೂರ್ತಿ ತೀರಿಹೋದ ಮುಯ್ಯಿ ಸಂಬಂಧದ ಕೊನೆ. ಆದ್ದರಿಂದಲೇ ಬಲ್ಲವರು ಪಡೆದದ್ದಕ್ಕಿಂತ ಒಂದಿಷ್ಟು ಹೆಚ್ಚು ಹಾಕಿ ಹಿಂದಿರುಗಿಸಿ, ಬಾಕಿಯನ್ನು ಆ ಕಡೆಗೆ ದಾಟಿಸುತ್ತಾರೆ.

ಎಲ್ಲವೂ ಸೇರಿದ ಪ್ಯಾಕೇಜಿನ ತತ್ತ್ವ ಇದಕ್ಕೆ ನೇರ ಎದುರು. ಈ ಪದ್ಧತಿಯನ್ನು ಜನಪ್ರಿಯಗೊಳಿಸಿದ ಕ್ಲಬ್ ಮೆಡ್ ಸಂಸ್ಥೆಯನ್ನು ಬೆಲ್ಜಿಯಂನ ಜೆರಾರ್ ಬ್ಲಿಟ್ಸ್ 1950ರಲ್ಲಿ ಕಟ್ಟಿ, ಸ್ಪೇನ್‌ಗೆ ಸೇರಿದ ಮಯೋರ್ಕಾ ದ್ವೀಪದ ಕಡಲ ದಂಡೆಯಲ್ಲಿ ಮೊದಲ ಬೀಡು ಹೂಡಿದ. ರಜೆಯಲ್ಲಿ ಹಣ ಕಣ್ಣಿಗೆ ಬೀಳಬಾರದೆಂಬುದು ಅದರ ಹಂಬಲ. ಮುಂದೆ ಅಲ್ಲಿ ಪಾನೀಯಕ್ಕೆ ನಾಣ್ಯದ ಬದಲು ಕೊರಳಲ್ಲಿ ಹಾಕಿಕೊಂಡ ಮಣಿಗಳನ್ನು ಕಳಚಿ ಕೊಡುವ ಪದ್ಧತಿ ಬಂತು. ಮೊದಲೇ ಎಲ್ಲವನ್ನೂ ತೆತ್ತಿರುವುದರಿಂದ ಯಾರೂ ಯಾರಿಗೂ ಏನನ್ನೂ ಕೊಡಬೇಕಾಗಿಲ್ಲ ಎಂಬ ನಿರಾಳವೇ ಅಲ್ಲಿಯ ಮಾಲು. ಇಂದು ಮಣಿಯ ಜಾಗಕ್ಕೆ ಬಣ್ಣದ ಪಟ್ಟಿ ಬಂದಿದೆ. ಎಲ್ಲವೂ ಸೇರಿದ ರೆಸಾರ್ಟಿಗೆ ಬಂದಿಳಿದ ಅತಿಥಿಯ ಮಣಿಕಟ್ಟಿಗೆ ಅದನ್ನು ಬಿಗಿಯುತ್ತಾರೆ. ಬಣ್ಣ ನೋಡಿದರೆ ಅವನಿಗೆ ಏನೇನು ಸಲ್ಲುತ್ತದೆ, ಯಾವ ಊಟ, ಯಾವ ಪಾನೀಯ, ಯಾವ ಕೊಳ ಎಂಬುದು ಕೆಲಸದವರಿಗೆ ತಿಳಿಯುತ್ತದೆ. ಅದೇ ಅಂಗಳದ ಮಂಟಪದಲ್ಲಿ ವಧೂವರರ ಮಣಿಕಟ್ಟಿಗೆ ಪುರೋಹಿತರು ಅರಿಶಿಣದ ಕೊಂಬು ಪೋಣಿಸಿದ ನೂಲಿನ ಕಂಕಣ ಕಟ್ಟುತ್ತಾರೆ. ಕಂಕಣ ಕಟ್ಟಿಸಿಕೊಂಡವನು ಹಿಡಿದ ಕಾರ್ಯ ಮುಗಿಯುವವರೆಗೆ ಅದನ್ನು ಬಿಚ್ಚುವಂತಿಲ್ಲ. ಕಂಕಣಬದ್ಧ ಎಂಬ ಮಾತು ಹುಟ್ಟಿದ್ದೇ ಹಾಗೆ. ಒಂದು ಪಟ್ಟಿ ತನಗೆ ಬರಬೇಕಾದದ್ದನ್ನು ಸಾರುತ್ತದೆ, ಇನ್ನೊಂದು ತಾನು ಕೊಡಬೇಕಾದದ್ದನ್ನು. ಮದುಮಗನ ಕೈಯಲ್ಲಿ ಎರಡೂ ಒಂದರ ಪಕ್ಕ ಒಂದು ಇರುವುದನ್ನು ಛಾಯಾಚಿತ್ರಗ್ರಾಹಕರು ಸಾಮಾನ್ಯವಾಗಿ ಶಾಲಿನ ಅಂಚಿನಿಂದ ಮರೆಮಾಡಿಸುತ್ತಾರೆ.

ಕನ್ನಡ ವ್ಯಾಕರಣವೂ ಇಲ್ಲಿ ಸಾಕ್ಷಿ ಹೇಳುತ್ತದೆ. ಹುಡುಗ ಹುಡುಗಿ ಮದುವೆ ಆಗುತ್ತಾರೆ, ತಂದೆತಾಯಿ ಮದುವೆ ಮಾಡುತ್ತಾರೆ, ಪುರೋಹಿತರು ಮದುವೆ ಮಾಡಿಸುತ್ತಾರೆ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯ ಬಿಗಿಯೆಲ್ಲ ಆ ಮಾಡಿ ಎಂಬುದರಲ್ಲಿದೆ. ಪ್ಯಾಕೇಜಿನಲ್ಲಿ ತಂದೆತಾಯಿಯ ಕ್ರಿಯಾಪದ ಬೇರೆಯವರ ಪಾಲಾಗುತ್ತದೆ. ಇವೆಂಟ್ ಮ್ಯಾನೇಜರ್ ಮಾಡುತ್ತಾನೆ, ಹೆತ್ತವರು ಮಾಡಿಸಿಕೊಳ್ಳುತ್ತಾರೆ. ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಹೆಣ್ಣಿನ ಮನೆಯವರು ಊರ ಬಾಗಿಲಲ್ಲಿ ಬೀಗರನ್ನು ಎದುರುಗೊಂಡು ಕಾಲಿಗೆ ನೀರು ಕೊಟ್ಟು ಕರೆತರುವಾಗ ಒಬ್ಬರು ಆತಿಥ್ಯ ಕೊಡುವವರು, ಇನ್ನೊಬ್ಬರು ಪಡೆಯುವವರು. ಮಗಳನ್ನು ಕರೆದೊಯ್ದ ಮೇಲೆ, ಹಬ್ಬಹುಣ್ಣಿಮೆಗಳಲ್ಲಿ ಆ ಪಾತ್ರಗಳು ಅದಲುಬದಲಾಗುತ್ತವೆ. ರೆಸಾರ್ಟಿನಲ್ಲಿ ಎರಡೂ ಕಡೆಯವರು ಅತಿಥಿಗಳು. ಸ್ವಾಗತದ ಮೇಜಿನ ಬಳಿ ಇಬ್ಬರ ಕೈಗೂ ಒಂದೇ ಎಳನೀರು, ಇಬ್ಬರ ಕೊರಳಿಗೂ ಒಂದೇ ಕವಡೆಯ ಹಾರ. ಇರಲು ಜಾಗ ಕೊಡುವುದು, ಉಣ್ಣಲು ಕೊಡುವುದು ಎಂದು ಶತಪಥ ಬ್ರಾಹ್ಮಣ ಹೆಸರಿಸಿದ ಎರಡು ಕೆಲಸಗಳೇ ನಿಖರವಾಗಿ ಪ್ಯಾಕೇಜಿನ ಮೊದಲ ಎರಡು ಸಾಲುಗಳು, ಕೋಣೆ ಮತ್ತು ಊಟ. ಎಲ್ಲವೂ ಸೇರಿದ ಮದುವೆಯಲ್ಲಿ ನಾಲ್ಕನೆಯ ಋಣಕ್ಕೆ ಜಾಗವಿಲ್ಲವಾಗುವುದು ಹೀಗೆ. ತೀರಿಸುವ ಅವಕಾಶವೇ ಮಾರಾಟವಾಗಿರುತ್ತದೆ.

ಇಷ್ಟನ್ನು ಹೇಳಿ ಹಳ್ಳಿಯ ಮದುವೆಯನ್ನು ಹೊಗಳಿ ಮುಗಿಸಿದರೆ ಅದು ಅಪ್ರಾಮಾಣಿಕವಾಗುತ್ತದೆ. ಮೆಕ್ಕೆಜೋಳದ ಬೆಲೆ ಬಿದ್ದ ವರ್ಷವೂ ಊರೂಟ ಹಾಕಲೇಬೇಕಾದ ಮನೆಗಳಲ್ಲಿ ಋಣದ ಕೆಳಗೆ ಸಾಲವಿರುತ್ತದೆ, ಸಾಲದ ಕೆಳಗೆ ಹೊಲದ ಪತ್ರವಿರುತ್ತದೆ. ಈ ಹೊರೆಯನ್ನು ಕಂಡೇ ಕುವೆಂಪು 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯವೆಂಬ ಸರಳ ವಿಧಾನದಲ್ಲಿ ನಡೆಸಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆಯುತ್ತ ಬಂದಿವೆ. ಸರ್ಕಾರದ ಸಪ್ತಪದಿ ಯೋಜನೆ ಮುಜರಾಯಿ ದೇವಾಲಯಗಳಲ್ಲಿ ಮದುವೆಯಾಗುವ ಜೋಡಿಗೆ 8 ಗ್ರಾಂ ಚಿನ್ನದ ತಾಳಿಯೂ ಸೇರಿ 55,000 ರೂಪಾಯಿಯ ನೆರವು ಗೊತ್ತುಮಾಡಿತು. ಬಾವಿಯಿಂದ ಗಂಗೆ ತರುವ ಶಾಸ್ತ್ರವೂ ಬಹುಪಾಲು ಹಳ್ಳಿಗಳಲ್ಲಿ ಬೋರ್‌ವೆಲ್ಲಿನ ನಲ್ಲಿಗೆ ಬಂದು ನಿಂತಿದೆ. ಈಜುಕೊಳದ ಅಂಚಿನಲ್ಲಿ ಗಂಗಾಪೂಜೆ ಮಾಡುವವರನ್ನು ನೋಡಿ ನಗುವ ಹಕ್ಕು ಊರಿನವರಿಗೆ ಅಷ್ಟೇನೂ ಉಳಿದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು. ಮುಯ್ಯಿಯ ಪುಸ್ತಕದಲ್ಲಿ ಎಲ್ಲರ ಹೆಸರೂ ಇರುತ್ತಿರಲಿಲ್ಲ. ಹಂದರದ ಹೊರಗೆ ನಿಂತು ಹಲಗೆ ಬಾರಿಸಿದವರು ಎಲ್ಲರ ಊಟವಾದ ಮೇಲೆ ದೂರದಲ್ಲಿ ಕೂತು ಉಂಡರು; ಅವರ ದುಡಿಮೆಯನ್ನು ಊರು ಪಡೆಯಿತು, ಅವರ ಮನೆಯ ಮದುವೆಗೆ ಹೋಗಿ ಮುಯ್ಯಿ ಮಾಡಲಿಲ್ಲ. ಋಣದ ಬಲೆಯೊಳಗೆ ಜಾತಿಯ ಗಂಟುಗಳಿದ್ದವು. ರೆಸಾರ್ಟಿನ ಸ್ವಾಗತದ ಮೇಜಿನಲ್ಲಿ ಕೇಳುವುದು ಗುರುತಿನ ಚೀಟಿಯನ್ನು ಮತ್ತು ಹಣವನ್ನು, ಕುಲವನ್ನಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಆದ ಮದುವೆಗಾಗಿ ಎರಡೂ ಮನೆಯ ಹಿರಿಯರು ಪ್ರಾಣ ತೆತ್ತರೆಂಬ ಶರಣ ಪರಂಪರೆಯ ನೆನಪು ಈ ನಾಡಿನಲ್ಲಿ ಹಸಿಯಾಗಿಯೇ ಇದೆ. ಊರಿನ ಕಣ್ಣು ತಪ್ಪಿಸಿ ದೂರದ ದಂಡೆಯಲ್ಲಿ ನಿಶ್ಚಿಂತೆಯಿಂದ ತಾಳಿ ಕಟ್ಟಬಯಸುವ ಅಂತರ್ಜಾತೀಯ ಜೋಡಿಗೆ ಊರಿನ ಋಣದ ಪಾಠ ಹೇಳುವುದು ನಿರ್ದಯತೆ. ಅವರಿಗೆ ಕಡಲ ದಂಡೆ ವಿಲಾಸವಲ್ಲ, ಆಶ್ರಯ. ಆದ್ದರಿಂದ ಇಲ್ಲಿಯ ವಾದವೆಲ್ಲ ಸಲ್ಲುವುದು ಊರು ಕರೆದರೂ ಹೋಗದವರಿಗೆ, ಊರು ಹೊರದಬ್ಬಿದವರಿಗಲ್ಲ.

ಚಿಗಟೇರಿಯ ದೇವರ ಇನ್ನೊಂದು ಕಥೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕಾಮವನ್ನು ಗೆದ್ದೆನೆಂದು ಬೀಗುತ್ತಿದ್ದ ನಾರದನ ದಾರಿಯಲ್ಲಿ ವಿಷ್ಣುವು ಮಾಯೆಯಿಂದ ಒಂದು ನಗರವನ್ನೇ ನಿರ್ಮಿಸಿದನೆಂದು ಶಿವಪುರಾಣ ಹೇಳುತ್ತದೆ. ಅಲ್ಲಿ ಶೀಲನಿಧಿಯೆಂಬ ರಾಜ, ಶ್ರೀಮತಿಯೆಂಬ ಮಗಳು, ಅವಳ ಸ್ವಯಂವರಕ್ಕೆ ಸಿಂಗರಗೊಂಡ ಬೀದಿಗಳು, ನಾಲ್ಕು ದಿಕ್ಕುಗಳಿಂದ ಬಂದ ರಾಜರು. ಮರುಳಾದ ನಾರದ ತನಗೆ ಹರಿಯ ರೂಪ ಬೇಕೆಂದು ಬೇಡಿದ. ಹರಿ ಎಂದರೆ ಕೋತಿ ಎಂಬ ಅರ್ಥವೂ ಇರುವುದರಿಂದ ಕೋತಿಯ ಮುಖ ಹೊತ್ತು ಸಭೆಯಲ್ಲಿ ಕೂತ, ತಾನು ಎಷ್ಟು ಚೆಲುವನೆಂದುಕೊಳ್ಳುತ್ತ. ಮಾಯೆಯನ್ನು ಹಿಂತೆಗೆದಾಗ ನಗರವಿರಲಿಲ್ಲ, ರಾಜಕುಮಾರಿಯೂ ಇರಲಿಲ್ಲ. ಕಥೆಯನ್ನು ಸಾಮಾನ್ಯವಾಗಿ ಕಾಮದ ಮೇಲಿನ ಎಚ್ಚರಿಕೆಯಾಗಿ ಓದುತ್ತಾರೆ. ಆ ನಗರದ ಕಡೆಯಿಂದ ಓದಿದರೆ ಬೇರೊಂದು ಸಂಗತಿ ಕಾಣುತ್ತದೆ: ಮದುವೆಗೆಂದೇ ಹುಟ್ಟಿ ಮದುವೆ ಮುಗಿದೊಡನೆ ಇಲ್ಲವಾಗುವ ಊರಿನಲ್ಲಿ ಎಲ್ಲವೂ ಇತ್ತು, ನಾರದನಿಗೆ ನಿನ್ನ ಮುಖ ಹೀಗಿದೆ ಎಂದು ಅಕ್ಕರೆಯಿಂದ ಹೇಳುವ ಒಬ್ಬನೂ ಇರಲಿಲ್ಲ. ಪಕ್ಕದಲ್ಲಿದ್ದ ರುದ್ರಗಣಗಳು ಹೇಳಿದವು, ಅಣಕಿಸುವುದಕ್ಕಾಗಿ.

ಸಾಕ್ಷಿ ಎಂಬ ಕಲ್ಪನೆಯ ಒಳಗಿರುವುದು ಇದೇ. ಮದುವೆಗೆ ಅಗ್ನಿ ಸಾಕ್ಷಿ, ಕಳಶ ಸಾಕ್ಷಿ, ಗುರುಹಿರಿಯರು ಸಾಕ್ಷಿ. ಸಾಕ್ಷಿಯೆಂದರೆ ಕಣ್ಣಾರೆ ಕಂಡವನು. ಕಂಡದ್ದನ್ನು ಮುಂದೆ ಹೇಳಬೇಕಾದವನು ಎಂಬುದೂ ಅದರಲ್ಲಿ ಅಡಗಿದೆ. ಐದು ವರ್ಷದ ಮೇಲೆ ಗಂಡಹೆಂಡಿರ ನಡುವೆ ಬಿರುಕು ಬಿಟ್ಟರೆ, ಅಕ್ಕಿಕಾಳು ಹಾಕಿದ ಸೋದರಮಾವ ಕಟ್ಟೆಯ ಮೇಲೆ ಕೂತು ಇಬ್ಬರನ್ನೂ ಗದರಿಸುವ ಹಕ್ಕು ಆ ಅಕ್ಕಿಕಾಳಿನಿಂದಲೇ ಬಂದದ್ದು. ಅದು ಕೆಲವೊಮ್ಮೆ ಹೆಣ್ಣನ್ನು ಸುಮ್ಮನಿರಿಸುವ ಹಕ್ಕಾಗಿಯೂ ದುಡಿದಿದೆ, ಅದನ್ನು ಮರೆಯಬಾರದು. ಆದರೂ ಹೆಣ್ಣಿಗೆ ತೊಂದರೆಯಾದಾಗ ರಾತ್ರೋರಾತ್ರಿ ಟ್ರ್ಯಾಕ್ಟರ್ ಏರಿ ಬಂದವರೂ ಅವರೇ. ರೆಸಾರ್ಟಿನ ಸಿಬ್ಬಂದಿ ಮದುವೆಯನ್ನು ಇನ್ನಾರಿಗಿಂತ ಹತ್ತಿರದಿಂದ ಕಾಣುತ್ತಾರೆ. ಆದರೆ ಮರುದಿನ ಹನ್ನೊಂದರ ಹೊತ್ತಿಗೆ ಕೋಣೆ ತೆರವಾಗಿ, ಸಂಜೆಗೆ ಅದೇ ಮಂಟಪಕ್ಕೆ ಬೇರೆ ಬಣ್ಣದ ಬಟ್ಟೆ ಏರುತ್ತದೆ.

ಈಚೆಗೆ ಎಷ್ಟೋ ಮನೆಗಳು ಮದುವೆಗೆ ಊರಿನ ಸಾಕ್ಷಿ ಬೇಕೆಂಬುದನ್ನು ಅರ್ಧ ಅರಿತವರಂತೆ ನಡೆದುಕೊಳ್ಳುತ್ತಿವೆ: ಊರಿನಲ್ಲಿ ದೇವರ ಕಾರ್ಯ, ಕಡಲ ದಂಡೆಯಲ್ಲಿ ತಾಳಿ, ಮರಳಿದ ಮೇಲೆ ಊರವರಿಗೆ ಆರತಕ್ಷತೆಯ ಊಟ. ಆ ಊಟವನ್ನು ಮದುವೆ ಮುಗಿದ ಮೇಲಿನ ಉಪಚಾರವೆಂದು ತಿಳಿದು ಅದನ್ನೂ ಗುತ್ತಿಗೆ ಕೊಟ್ಟುಬಿಡುತ್ತಾರೆ. ಶಾಸ್ತ್ರದ ಕಣ್ಣಿನಿಂದ ನೋಡಿದರೆ ಅದು ಮದುವೆಯ ಉಳಿದರ್ಧ. ಏಳು ಹೆಜ್ಜೆಗಳು ಮರಳಿನ ಮೇಲೆ ಮುಗಿದರೂ ಮನುಷ್ಯರ ಋಣ ಊರಿನಲ್ಲಿ ಬಾಕಿಯಿರುತ್ತದೆ. ರೆಸಾರ್ಟ್ ಗೊತ್ತುಮಾಡಿಕೊಂಡ ಹೆತ್ತವರು ಅದನ್ನು ರದ್ದುಮಾಡಬೇಕಾಗಿಲ್ಲ. ಹಿಂತಿರುಗಿದ ದಿನ ತಮ್ಮ ಮನೆಯ ಮುಂದೆ ಪಂಕ್ತಿ ಹಾಕಿಸಿ, ಹಿಂದೆ ಹಂದರದ ಹೊರಗೆ ಉಂಡವರನ್ನೂ ಅದೇ ಪಂಕ್ತಿಯಲ್ಲಿ ಕೂರಿಸಿ, ಹುಗ್ಗಿಯ ಸೌಟನ್ನು ಮಾತ್ರ ಅಡುಗೆಯವರ ಕೈಗೆ ಕೊಡದೆ ಮದುಮಕ್ಕಳ ಕೈಗೆ ಕೊಡಲಿ.